ಸಕ್ಕರೆ ‘ಹೆಚ್ಚಾದರೆ’ ಇಂಗ್ಲಿಷಿನಲ್ಲಿ ಏನನ್ನಬೇಕು?

ಈ ತಿಂಗಳು ಬಂದ ಪತ್ರಗಳಲ್ಲಿ ಕೆಲವನ್ನು ಒಂದು ಕಡೆ ತೆಗೆದಿಟ್ಟೆ. ಬರೆದವರು ಬೇರೆ ಬೇರೆ, ಊರು ಬೇರೆ ಬೇರೆ. ಕೇಳಿದ್ದು ಮಾತ್ರ ಹೆಚ್ಚುಕಡಿಮೆ ಒಂದೇ. ಏನೋ ಮುಗಿಯಿತು, ಯಾರೋ ಸುಮ್ಮನಾದರು, ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಕ್ರಿಯಾಪದದ ಹಿಂದೆ ಔಟ್, ಅಪ್, ಡೌನ್, ಆಫ್ ಅಂತ ಒಂದು ಬಾಲ ಅಂಟಿಕೊಂಡಿರುತ್ತದಲ್ಲ, ಆ ಫ್ರೇಸಲ್ ವರ್ಬ್‌ಗಳ ಕಾಟ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಇವನ್ನು ಕಲಿಸಿದ್ದೇನೆ. ಅದಕ್ಕೂ ಮೊದಲು ಇವುಗಳಿಂದ ಪೆಟ್ಟು ತಿಂದಿದ್ದೇನೆ. ಆ ಕಥೆ ಮುಂದೆ ಬರುತ್ತದೆ.

ಪ್ರಶ್ನೆ: ರನ್ ಲೋ, ರನ್ ಔಟ್, ಯೂಸ್ ಅಪ್, ಗಿವ್ ಔಟ್, ಪೀಟರ್ ಔಟ್. ಡಿಕ್ಷನರಿಯಲ್ಲಿ ಎಲ್ಲದಕ್ಕೂ ‘ಮುಗಿ’ ಅಂತಲೇ ಇದೆ. ಯಾವುದನ್ನು ಬರೆದರೂ ನಡೆಯುತ್ತಾ ಸರ್?
— ಬಿ.ಎ. ವಿದ್ಯಾರ್ಥಿನಿ, ಜಮಖಂಡಿ

ನಡೆಯಲ್ಲ ತಂಗಿ. ಮುಗಿಯಿತು ಅನ್ನುವುದು ಒಂದು ಮಾತು, ಹೇಗೆ ಮುಗಿಯಿತು ಅನ್ನುವುದು ಇನ್ನೊಂದು. ಇಂಗ್ಲಿಷಿನವರಿಗೆ ಎರಡನೆಯದರ ಮೇಲೆ ಕಣ್ಣು. ಅಡುಗೆಮನೆಗೆ ಬಾ, ತೋರಿಸುತ್ತೇನೆ.

ಸಕ್ಕರೆ ಡಬ್ಬಿಗೆ ಚಮಚ ಹಾಕಿದ್ದೀಯ. ಚಮಚ ತಳಕ್ಕೆ ತಾಗಿ ಕರಕರ ಅನ್ನುತ್ತಿದೆ. ಇವತ್ತಿನ ಚಹಾಕ್ಕೆ ಸಾಕು, ನಾಳೆಗೆ ಗೊತ್ತಿಲ್ಲ. ಇದು ರನ್ನಿಂಗ್ ಲೋ. ‘ವಿ ಆರ್ ರನ್ನಿಂಗ್ ಲೋ ಆನ್ ಶುಗರ್.’ ಇನ್ನೂ ಮುಗಿದಿಲ್ಲ, ಅಂಗಡಿಗೆ ಹೋಗಲು ಟೈಮಿದೆ. ಮರುದಿನ ಡಬ್ಬಿ ಬೋರಲು ಹಾಕಿ ತಟ್ಟಿದರೂ ಏನೂ ಬೀಳಲಿಲ್ಲ. ಈಗ ರನ್ ಔಟ್.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಸಕ್ಕರೆಯಿಂದ ವಾಕ್ಯ ಶುರು ಮಾಡಿದರೆ ‘ದ ಶುಗರ್ ಹ್ಯಾಸ್ ರನ್ ಔಟ್’, ಅಷ್ಟಕ್ಕೇ ನಿಲ್ಲಿಸು. ನಿನ್ನಿಂದ ಶುರು ಮಾಡಿದರೆ ‘ವಿ ಹ್ಯಾವ್ ರನ್ ಔಟ್ ಆಫ್ ಶುಗರ್’. ಆಗ ‘ಆಫ್’ (of) ಬೇಕೇ ಬೇಕು. ‘ವಿ ಹ್ಯಾವ್ ರನ್ ಔಟ್ ಶುಗರ್’ ಅಂದರೆ ಕಿವಿಗೆ ಕಲ್ಲು ಬಿದ್ದ ಹಾಗೆ. ‘ಶುಗರ್ ಇಸ್ ಓವರ್’ ಅಂತ ನಮ್ಮ ಕಡೆ ಎಲ್ಲರೂ ಅನ್ನುತ್ತೇವೆ, ನಾನೂ ಅನ್ನುತ್ತೇನೆ. ಮನೆಯಲ್ಲಿ ಸರಿ. ಪರೀಕ್ಷೆಯಲ್ಲಿ ಬೇಡ. ಓವರ್ ಆಗುವುದು ಸಿನಿಮಾ, ಮ್ಯಾಚು, ಮದುವೆ. ಒಂದು ಹೊತ್ತಿಗೆ ಶುರುವಾಗಿ ಇನ್ನೊಂದು ಹೊತ್ತಿಗೆ ಮುಗಿಯುವಂಥವು.

ಯೂಸ್ ಅಪ್‌ನಲ್ಲಿ ಮುಗಿಸಿದವರು ಯಾರು ಅಂತ ಗೊತ್ತು. ನಿನ್ನ ತಮ್ಮ ಇದ್ದಬಿದ್ದ ಸಕ್ಕರೆಯನ್ನೆಲ್ಲ ಶರಬತ್ತಿಗೆ ಸುರುವಿದ. ‘ಹಿ ಯೂಸ್ಡ್ ಇಟ್ ಅಪ್.’ ನೋಡು, ಇಲ್ಲಿ ‘ಇಟ್’ ಮಧ್ಯದಲ್ಲಿ ಬಂದು ಕೂತಿತು. ರನ್ ಔಟ್ ಆಫ್‌ನಲ್ಲಿ ಯಾರನ್ನೂ ಮಧ್ಯಕ್ಕೆ ಬಿಡುವುದಿಲ್ಲ.

ಗಿವ್ ಔಟ್ ನನಗೆ ತುಂಬಾ ಇಷ್ಟ. ಯಾಕಂದರೆ ಕನ್ನಡದ್ದೇ ಅಣ್ಣನೋ ತಮ್ಮನೋ ಇದ್ದ ಹಾಗಿದೆ. ದುಡಿದು ದುಡಿದು ಸುಸ್ತಾದದ್ದು ‘ಕೈಕೊಟ್ಟಿತು’ ಅನ್ನುತ್ತೇವಲ್ಲ, ಅದೇ. ಬೋರ್‌ವೆಲ್ ಮೋಟಾರು ಗಿವ್ಸ್ ಔಟ್. ಗುಡ್ಡ ಹತ್ತುವಾಗ ಮೊಣಕಾಲು ಗಿವ್ಸ್ ಔಟ್. ಆದರೆ ಬೋರಿನ ನೀರು ಮಾತ್ರ ಡ್ರೈಸ್ ಅಪ್, ಬತ್ತುತ್ತದೆ. ಮೋಟಾರಿಗೆ ಒಂದು, ನೀರಿಗೆ ಒಂದು. ನಮಗೂ ಹಾಗೇ ಅಲ್ವಾ? ಮೋಟಾರು ಬತ್ತಿತು ಅಂತ ಯಾರೂ ಅನ್ನುವುದಿಲ್ಲ.

ಪೀಟರ್ ಔಟ್ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಗಣಿ ಕೆಲಸದವರ ಬಾಯಲ್ಲಿ ಬೆಳೆದ ಮಾತು. ಅದಿರಿನ ಎಳೆಯನ್ನು ಹಿಡಿದು ಅಗೆಯುತ್ತಾ ಹೋಗುತ್ತಾರೆ. ಎಳೆ ಸಣ್ಣಾಗಿ, ಇನ್ನೂ ಸಣ್ಣಾಗಿ, ಕೊನೆಗೆ ಬರೀ ಕಲ್ಲು. ಹಾಗೆ ಮುಗಿಯುವುದು ಪೀಟರ್ ಔಟ್. ಎರೆಹೊಲದ ನಡುವೆ ಚಕ್ಕಡಿ ದಾರಿ ಹಿಡಿದು ಹೋಗು. ಮೊದಲು ಎರಡು ಗಾಲಿಯ ಗುರುತು, ಆಮೇಲೆ ಒಂದು ಕಾಲುದಾರಿ, ಆಮೇಲೆ ನಿನ್ನ ಮುಂದೆ ಕಡಲೆ ಗಿಡ. ‘ದ ಟ್ರ್ಯಾಕ್ ಪೀಟರ್ಡ್ ಔಟ್.’ ಸಕ್ಕರೆ ಡಬ್ಬಿಗೆ ಇದನ್ನು ಹಚ್ಚಬೇಡ.

ಸಕ್ಕರೆಯ ಮಾತು ಬಂತು ಅಂತ ಒಂದು ಹೇಳಿಬಿಡುತ್ತೇನೆ. ನಮ್ಮ ಅವ್ವ ‘ಸಕ್ರಿ ಮುಗೀತು’ ಅಂದದ್ದನ್ನು ನಾನು ಕೇಳಿಯೇ ಇಲ್ಲ. ‘ತಮ್ಮಾ, ಸಕ್ರಿ ಹೆಚ್ಚಾಗೇದ, ಅಂಗಡಿಗೆ ಹೋಗಿ ಬಾ’ ಅನ್ನುತ್ತಿದ್ದಳು. ಹೆಚ್ಚಾಗಿದ್ದರೆ ಅಂಗಡಿಗೆ ಯಾಕೆ ಅಂತ ಚಿಕ್ಕವನಿದ್ದಾಗ ತಲೆ ಕೆಡಿಸಿಕೊಂಡಿದ್ದೆ. ಬಳೆ ಒಡೆದರೆ ‘ಬಳಿ ಹೆಚ್ಚಾತು’. ದೀಪ ಆರಿಸು ಅನ್ನುವಂತಿಲ್ಲ, ‘ದೀಪ ಶಾಂತ ಮಾಡು’. ರಾಶಿ ಅಳೆಯುವಾಗ ಅಪ್ಪ ಮೊದಲ ಅಳತೆಗೆ ಒಂದು ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದ. ಮುಗಿಯಿತು ಅನ್ನುವ ಮಾತನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದು ಅಂತ.

ನಾನು ಮಾಸ್ತರನಾದ ಮೇಲೆ ಎಂಟನೆಯ ಇಯತ್ತೆಯ ಒಬ್ಬ ಹುಡುಗ ಅನುವಾದದ ಪ್ರಶ್ನೆಗೆ ‘ದ ಶುಗರ್ ಹ್ಯಾಸ್ ಇನ್‌ಕ್ರೀಸ್ಡ್, ಗೋ ಟು ದ ಶಾಪ್’ ಅಂತ ಬರೆದಿದ್ದ. ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದೆ. ರಾತ್ರಿ ಮಲಗಿದಾಗ ನೆನಪಾಯಿತು, ಅವನ ಮನೆಯಲ್ಲೂ ಅವ್ವ ಅದನ್ನೇ ಅನ್ನುತ್ತಿರಬೇಕು. ಮರುದಿನ ಅರ್ಧ ಮಾರ್ಕು ಕೊಟ್ಟೆ. ಪೂರ್ತಿ ಕೊಡಲಿಲ್ಲ. ಆ ವಾಕ್ಯವನ್ನು ಇಂಗ್ಲಿಷ್ ಬಲ್ಲವರು ಓದಿದರೆ ಅಂಗಡಿಗಲ್ಲ, ರಕ್ತ ಪರೀಕ್ಷೆಗೆ ಕಳಿಸುತ್ತಾರೆ.

ಪ್ರಶ್ನೆ: ಕ್ರಿಕೆಟ್‌ನಲ್ಲೂ ರನ್ ಔಟ್ ಇದೆ. ಅಲ್ಲಿ ಏನು ಖಾಲಿಯಾಗುತ್ತದೆ? ರನ್ನಾ?
— ಒಂಬತ್ತನೆಯ ತರಗತಿ, ವಿಜಯಪುರ

ಏನೂ ಖಾಲಿಯಾಗಲ್ಲ ಮರಿ. ಅಲ್ಲಿ ‘ಔಟ್’ ಅಂದರೆ ಆಟದಿಂದ ಹೊರಗೆ. ಓಡುವಾಗ ಬ್ಯಾಟು ಗೆರೆ ದಾಟುವ ಮೊದಲೇ ಬೇಲ್ಸ್ ಹಾರಿಸಿದರು, ನೀನು ಹೊರಗೆ. ಹೆಸರು ಒಂದೇ, ಮನೆತನ ಬೇರೆ. ಗುರುತು ಹಿಡಿಯಲು ಒಂದು ಉಪಾಯ: ಕ್ರಿಕೆಟ್‌ನಲ್ಲಿ ‘ದೇ ರನ್ ಹಿಮ್ ಔಟ್’ ಅಂತ ಆಟಗಾರನನ್ನು ಮಧ್ಯದಲ್ಲಿ ಕೂರಿಸಬಹುದು. ಸಕ್ಕರೆಯನ್ನು ಹಾಗೆ ಕೂರಿಸಲು ಬರುವುದಿಲ್ಲ. ನಿನ್ನ ಪಾರ್ಟ್‌ನರ್ ಅರ್ಧ ಪಿಚ್ ಓಡಿಸಿ ‘ನೋ’ ಅಂದರೆ ಯಾವ ಫ್ರೇಸಲ್ ವರ್ಬ್ ಬಳಸಬೇಕು ಅಂತ ಕೇಳಬೇಡ, ಅದು ಪತ್ರಿಕೆಯಲ್ಲಿ ಅಚ್ಚಾಗುವಂಥದ್ದಲ್ಲ.

ಪ್ರಶ್ನೆ: ಮಗ ಮನೆಯಲ್ಲಿ ಬಾಯಿ ಮುಚ್ಚುವುದೇ ಇಲ್ಲ. ಶಾಲೆಯ ರಿಪೋರ್ಟಿನಲ್ಲಿ ಮಾತ್ರ ‘ಹಿ ಕ್ಲ್ಯಾಮ್ಸ್ ಅಪ್ ಇನ್ ಕ್ಲಾಸ್’ ಅಂತ ಬರೆದಿದ್ದಾರೆ. ಇದು ಬೈಗುಳವೇ? ಶಟ್ ಅಪ್ ಇದ್ದ ಹಾಗೆಯಾ?
— ತಾಯಿ, ನವನಗರ, ಬಾಗಲಕೋಟೆ

ಬೈಗುಳ ಅಲ್ಲ ತಾಯಿ, ಗಾಬರಿಯಾಗಬೇಡಿ. ಕ್ಲ್ಯಾಮ್ ಅಂದರೆ ಕಪ್ಪೆಚಿಪ್ಪಿನಂಥ ಪ್ರಾಣಿ. ಹೊಳೆ ದಂಡೆಯಲ್ಲಿ ಎರಡು ಚಿಪ್ಪು ಬಿಗಿಯಾಗಿ ಕೂಡಿಕೊಂಡದ್ದು ಸಿಗುತ್ತದಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಜೀವ ಒಳಗೇ ಇರುತ್ತದೆ. ಬೆರಳು ತಾಗಿದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತದೆ. ನಿಮ್ಮ ಮಗನಿಗೆ ಮಾತು ಬರುವುದಿಲ್ಲ ಅಂತ ಟೀಚರ್ ಬರೆದಿಲ್ಲ. ಮಾತು ಇದೆ, ಅಲ್ಲಿ ಬಾಗಿಲು ತೆರೆಯುತ್ತಿಲ್ಲ ಅಂತ ಬರೆದಿದ್ದಾರೆ. ನನ್ನ ಕೇಳಿದರೆ ಒಳ್ಳೆಯ ಟೀಚರ್. ‘ಡಲ್’ ಅಂತ ನಾಲ್ಕಕ್ಷರ ಗೀಚಿ ಕೈತೊಳೆದುಕೊಳ್ಳುವವರೇ ಜಾಸ್ತಿ.

ಶಟ್ ಅಪ್ ಬೇರೆ. ಅದು ಇನ್ನೊಬ್ಬರ ಬಾಯಿಗೆ ಹಾಕುವ ಬೀಗ. ‘ಬಾಯಿ ಮುಚ್ಚು’ ಅಂದಷ್ಟೇ ಒರಟು. ಗದ್ದಲ ಹಾಕುವ ಮಕ್ಕಳಿಗೆ ನಾವು ‘ಗಪ್ ಕುಂಡ್ರೋ’ ಅನ್ನುತ್ತೇವಲ್ಲ, ಆ ಹದದ್ದು ಬೇಕಾದರೆ ‘ಪೈಪ್ ಡೌನ್’ ಇದೆ. ಹಡಗಿನಿಂದ ಬಂದ ಮಾತು. ರಾತ್ರಿ ನಾವಿಕರೆಲ್ಲ ಕೆಳಗಿಳಿದು ಮಲಗಲಿ ಅಂತ ಹಡಗಿನಲ್ಲಿ ಒಂದು ಸಣ್ಣ ಪೀಪಿ ಊದುತ್ತಿದ್ದರು. ಅದಾದ ಮೇಲೆ ಸದ್ದಿಲ್ಲ. ದೊಡ್ಡವರಿಗೆ ಇದನ್ನೂ ಅನ್ನಬೇಡಿ.

ಸುಮ್ಮನಾಗುವುದರಲ್ಲಿ ಇನ್ನೂ ಎರಡು ಬಗೆ ನಿಮಗೆ ಗೊತ್ತಿರಲಿ. ಒಂದು ಟ್ರೇಲ್ ಆಫ್ (trail off). ಮಾತು ಶುರುವಾಗುತ್ತದೆ, ದನಿ ಇಳಿಯುತ್ತಾ ಇಳಿಯುತ್ತಾ ವಾಕ್ಯ ಅರ್ಧಕ್ಕೇ ತೇಲಿಹೋಗುತ್ತದೆ. ಕೊಟ್ಟ ಸಾಲ ವಾಪಸ್ ಕೇಳುವಾಗ ಎಲ್ಲರೂ ಮಾಡುವುದು ಇದನ್ನೇ. ‘ಏನಿಲ್ರೀ, ಹೋದ ತಿಂಗಳು ಆ ಐದುನೂರು...’ ಅಷ್ಟೇ. ಆ ಮೂರು ಚುಕ್ಕಿ ಇದೆಯಲ್ಲ, ಅದೇ ಟ್ರೇಲ್ ಆಫ್.

ಇನ್ನೊಂದು ಡ್ರೈ ಅಪ್. ಬಾವಿಗೆ ಹೇಳುವುದನ್ನು ಮನುಷ್ಯನಿಗೂ ಹೇಳುತ್ತಾರೆ. ನಾನು ಪೆಟ್ಟು ತಿಂದದ್ದು ಇಲ್ಲಿ. 1986. ಮುದ್ದೇಬಿಹಾಳದ ಕಡೆ ಒಂದು ಹಳ್ಳಿ ಶಾಲೆ. ನೌಕರಿಗೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಮಾರ್ಚ್ ಬಿಸಿಲು, ಮೇಲೆ ತಗಡು. ಇನ್‌ಸ್ಪೆಕ್ಟರ್ ಸಾಹೇಬರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಒಂದು ವಾಕ್ಯ ಶುರು ಮಾಡಿದೆ. ಅರ್ಧಕ್ಕೆ ಬಂದಾಗ ಮುಂದಿನ ಶಬ್ದ ಹೊಳೆಯಲಿಲ್ಲ. ಅದರ ಮುಂದಿನದೂ ಹೊಳೆಯಲಿಲ್ಲ. ಚಾಕ್‌ಪೀಸ್ ಕೈಯಲ್ಲಿ ಹಾಗೇ ಇತ್ತು. ಒಂದು ನೊಣ ಬೋರ್ಡಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆದು ಬಂದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಪಾಠ ಮುಗಿದ ಮೇಲೆ ಸಾಹೇಬರು ಮೆಲ್ಲಗೆ ‘ಯು ಡ್ರೈಡ್ ಅಪ್’ ಅಂದರು. ಪಾಪ, ನನ್ನ ಗಂಟಲು ಒಣಗಿದ್ದು ಗೊತ್ತಾಗಿದೆ ಅಂದುಕೊಂಡೆ. ‘ಯೆಸ್ ಸರ್, ವೆರಿ ಹಾಟ್ ಸರ್’ ಅಂದು ಒಬ್ಬ ಹುಡುಗನನ್ನು ಓಡಿಸಿ ಹರವಿಯಿಂದ ಎರಡು ಲೋಟ ತಣ್ಣೀರು ತರಿಸಿದೆ. ಒಂದು ಅವರಿಗೆ, ಒಂದು ನನಗೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಏನೂ ಅನ್ನದೆ ಪೂರ್ತಿ ಕುಡಿದರು. ಸಂಜೆ ಸ್ಟಾಫ್‌ರೂಮಿನ ಡಿಕ್ಷನರಿ ತೆಗೆದಾಗ ಗೊತ್ತಾಯಿತು, ಬತ್ತಿದ್ದು ಗಂಟಲಲ್ಲ. ಹೇಳಬೇಕಾದದ್ದು ತಲೆಯಿಂದ ಹಾರಿಹೋಗಿ, ಮಂದಿಯ ಮುಂದೆ ಮಾತು ನಿಂತುಬಿಡುವುದೇ ಡ್ರೈ ಅಪ್.

ನಾಟಕದವರಿಗೂ ಇದೇ ಶಬ್ದ. ಬನಶಂಕರಿ ಜಾತ್ರೆಯ ಕಂಪನಿ ನಾಟಕದಲ್ಲಿ ಒಮ್ಮೆ ಸಾಹುಕಾರನ ಪಾರ್ಟಿನವನು ಮಾತು ಮರೆತು ನಿಂತ. ಒಳಗಿನಿಂದ ಪ್ರಾಂಪ್ಟರ್ ಎರಡು ಸಲ ಹೇಳಿಕೊಟ್ಟದ್ದು ಮೂರನೆಯ ಸಾಲಿನಲ್ಲಿದ್ದ ನಮಗೆಲ್ಲ ಕೇಳಿಸಿತು, ಅವನೊಬ್ಬನಿಗೆ ಕೇಳಿಸಲಿಲ್ಲ. ಕೊನೆಗೆ ಪೇಟಿ ಮಾಸ್ತರ್ ಸುಮ್ನೆ ಒಂದು ಹಾಡು ಎತ್ತಿ ಅವನನ್ನು ಉಳಿಸಿದ. ಅಂದು ಆ ನಟ ಡ್ರೈಡ್ ಅಪ್. ನಿಮ್ಮ ಮಗ ಕ್ಲ್ಯಾಮ್ಸ್ ಅಪ್. ನಟನಿಗೆ ಮಾತು ಸಿಗಲಿಲ್ಲ, ನಿಮ್ಮ ಮಗ ಕೊಡುತ್ತಿಲ್ಲ. ಟೀಚರಿಗೆ ಒಂದು ಮಾತು ಹೇಳಿ ನೋಡಿ, ಅವನನ್ನು ಎಬ್ಬಿಸಿ ನಿಲ್ಲಿಸದೆ ಬೆಂಚಿನ ಹತ್ತಿರ ಬಂದು ಕೇಳಲಿ.

ಪ್ರಶ್ನೆ: ಡೈ ಡೌನ್, ಡೈ ಅವೇ, ಡೈ ಔಟ್. ಮೂರೂ ಸಾಯುವುದೇ ತಾನೆ?
— ಪ್ರವಾಸಿ ಗೈಡ್ ಆಗಲು ಓದುತ್ತಿರುವ ಯುವಕ, ವಿಜಯಪುರ

ನಿಮ್ಮ ಕೆಲಸದ ಜಾಗದಲ್ಲೇ ಉತ್ತರ ಇದೆ. ಗೋಳಗುಮ್ಮಟದ ಮೂಲೆಯ ಗೋಪುರದಲ್ಲಿ ಏಳು ಅಂತಸ್ತು ಹತ್ತಿ ಪಿಸುಗುಟ್ಟುವ ಗ್ಯಾಲರಿಗೆ ಹೋಗಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಬೇಕು, ಶಾಲೆ ಟ್ರಿಪ್ಪಿನ ಬಸ್ಸುಗಳು ಬಂದವೆಂದರೆ ಕಥೆ ಮುಗಿಯಿತು. ಒಂದು ಚಪ್ಪಾಳೆ ತಟ್ಟಿ. ಒಂದು, ಎರಡು, ಮೂರು ಅಂತ ಅದು ತಿರುಗಿ ತಿರುಗಿ ಬರುತ್ತದೆ. ಪ್ರತಿ ಸಲವೂ ಸ್ವಲ್ಪ ದೂರ ಸರಿದ ಹಾಗೆ. ಏಳನೆಯದೋ ಎಂಟನೆಯದೋ ಕೇಳಿಸಿತಾ, ನಾವೇ ಅಂದುಕೊಂಡೆವಾ ಅಂತ ತಿಳಿಯದ ಹೊತ್ತಿಗೆ ಸದ್ದು ಇಲ್ಲ. ‘ದ ಸೌಂಡ್ ಡೈಡ್ ಅವೇ.’ ದೂರ ಹೋಗುತ್ತಾ ಕರಗುವುದು ಡೈ ಅವೇ. ಸಂಜೆ ಸ್ಟೇಷನ್ನಿನಿಂದ ಹೊರಟ ರೈಲಿನ ಸದ್ದೂ ಹಾಗೇ.

ಈಗ ಟ್ರಿಪ್ಪಿನ ಮಕ್ಕಳು ಬಂದರು. ಕೂಗು, ಸೀಟಿ, ಅವರವರ ಹೆಸರು ಹಿಡಿದು ಕಿರುಚಾಟ. ಕಾವಲಿನವರು ಗದರಿದರು. ಗದ್ದಲ ಇಳಿಯಿತು, ನಿಲ್ಲಲಿಲ್ಲ. ‘ದ ನಾಯ್ಸ್ ಡೈಡ್ ಡೌನ್.’ ಜೋರು ಇಳಿಯುವುದು ಡೈ ಡೌನ್. ಒಲೆ ನೆನಪು ಮಾಡಿಕೊಳ್ಳಿ. ಉರಿ ತಗ್ಗಿ ಕೆಂಡ ಉಳಿದಿದೆ, ಇನ್ನೂ ನಾಲ್ಕು ರೊಟ್ಟಿ ಕಡಕ್ ಮಾಡಬಹುದು, ಅದು ಡೈಡ್ ಡೌನ್. ಬೆಳಿಗ್ಗೆ ಎದ್ದು ನೋಡಿದರೆ ತಣ್ಣನೆ ಬೂದಿ, ಅದು ಡೈಡ್ ಔಟ್. ಪ್ರಾಣಿ ಸಂತತಿಗೆ, ಭಾಷೆಗೆ, ಹಳೆ ಪದ್ಧತಿಗೆ ಹೇಳುವುದೂ ಡೈ ಔಟ್. ಒಂದೂ ಉಳಿಯಲಿಲ್ಲ ಅಂತ.

ಮಳೆಗೆ ಇನ್ನೊಂದು ಮಾತಿದೆ. ನಮ್ಮ ಕಡೆ ‘ಮಳಿ ಹೊಳವಾತು’ ಅನ್ನುತ್ತೇವಲ್ಲ, ಅದಕ್ಕೆ ಅವರದು ‘ಲೆಟ್ ಅಪ್’. ಆದರೆ ‘ಹೊಳವು’ ಅಂದಾಗ ಮೋಡ ಸರಿದು ಬೆಳಕು ಬಿದ್ದದ್ದೂ ಕಾಣುತ್ತದೆ. ಅವರ ಶಬ್ದದಲ್ಲಿ ಅದಿಲ್ಲ.

ಅಂದ ಹಾಗೆ ಬಾರಾಕಮಾನಿಗೆ ಹೋದಾಗ ‘ದ ವರ್ಕ್ ಪೀಟರ್ಡ್ ಔಟ್’ ಅಂತ ಹೇಳುವ ಮುನ್ನ ಒಂದು ಕ್ಷಣ ಯೋಚಿಸಿ. 1672ರಲ್ಲಿ ಎರಡನೆಯ ಅಲಿ ಆದಿಲ್‌ಶಾಹ ತೀರಿಕೊಂಡ, ಅವನ ಗೋರಿಯ ಕಟ್ಟಡ ಕಮಾನುಗಳಷ್ಟಕ್ಕೇ ಉಳಿಯಿತು. ಕೆಲಸಗಾರರು ಕಡಿಮೆಯಾಗಿ, ಕಲ್ಲು ಬರುವುದು ಕಡಿಮೆಯಾಗಿ, ಹಾಗೇ ನಿಂತಿತು ಅಂತ ನಿಮ್ಮ ಲೆಕ್ಕವಾದರೆ ಪೀಟರ್ಡ್ ಔಟ್ ಸರಿ. ಇದರ ನೆರಳು ಗೋಳಗುಮ್ಮಟದ ಮೇಲೆ ಬೀಳಬಾರದು ಅಂತ ತಡೆದರು ಅನ್ನುವ ಕಥೆ ಹೇಳುವುದಾದರೆ ಅದು ಸಲ್ಲದು. ತಡೆದದ್ದು ತಾನಾಗಿ ಸಣ್ಣಾಗುವುದಿಲ್ಲ. ಆಗ ‘ವಾಸ್ ಸ್ಟಾಪ್ಡ್’ ಅನ್ನಿ. ಕಥೆಗೆ ತಕ್ಕ ಕ್ರಿಯಾಪದ ಹಿಡಿಯದಿದ್ದರೆ ಪ್ರವಾಸಿಗಳಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ.

ಪ್ರಶ್ನೆ: ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಬೇರೆ ರಾಜ್ಯದವರು ವಾಟ್ಸ್ಆ್ಯಪ್‌ನಲ್ಲಿ ಇಂಗ್ಲಿಷಿನಲ್ಲಿ ಕೇಳುತ್ತಾರೆ. ‘ಫಿನಿಶ್’ ಅಂತ ಉತ್ತರ ಕೊಡುತ್ತೇನೆ. ಸರಿಯೇ?
— ಇಳಕಲ್

ಅರ್ಥವಾಗುತ್ತದೆ, ಚೆಂದ ಕಾಣುವುದಿಲ್ಲ. ಗಿರಾಕಿಗಳು ಕೊಂಡು ಮುಗಿಸಿದ್ದರೆ ‘ಸೋಲ್ಡ್ ಔಟ್’. ‘ದ ರೆಡ್ ವನ್ ವಿತ್ ಟೋಪಿ ತೆನಿ ಸೆರಗು ಇಸ್ ಸೋಲ್ಡ್ ಔಟ್.’ ಟೋಪಿ ತೆನಿ, ಸೆರಗು, ಗೋಮಿ ಅಂಚು, ಇವನ್ನು ಹಾಗೇ ಬರೆಯಿರಿ, ಇಂಗ್ಲಿಷ್ ಮಾಡಲು ಹೋಗಬೇಡಿ. ಕೊಳ್ಳುವವರು ಆ ಹೆಸರನ್ನೇ ಹುಡುಕಿಕೊಂಡು ಬಂದಿರುತ್ತಾರೆ. ಮಗ್ಗದ ಮೇಲೆ ಲಾಳಿಯೊಳಗಿನ ಕಂಡಿಕೆಯಲ್ಲಿ ನೂಲು ಮುಗಿದರೆ ಅದು ಸೋಲ್ಡ್ ಔಟ್ ಅಲ್ಲ, ‘ದ ಥ್ರೆಡ್ ಹ್ಯಾಸ್ ರನ್ ಔಟ್’. ನೇಕಾರರು ತಡ ಮಾಡಿದ್ದಕ್ಕೆ ಕಾರಣ ಬರೆಯಲು ಬೇಕಾದೀತು.

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಮುಷ್ಕರ ಅಂತ ಎಂಟು ದಿನ ಹಾರಾಡಿದರು, ಕೊನೆಗೆ ಏನೂ ಆಗಲಿಲ್ಲ. ಅದಕ್ಕೆ ಏನನ್ನುತ್ತಾರೆ?
— ಬೆಳಗಾವಿ

‘ಇಟ್ ಫಿಜಲ್ಡ್ ಔಟ್.’ ಫಿಜಲ್ ಅನ್ನುವ ಶಬ್ದಕ್ಕೆ ಇಂಗ್ಲಿಷಿನಲ್ಲಿ ಮೊದಲಿದ್ದ ಅರ್ಥ ಸದ್ದಿಲ್ಲದೆ ಹೂಸು ಬಿಡುವುದು. ಸುಮಾರು ಐದುನೂರು ವರ್ಷ ಹಳೆಯ ಶಬ್ದ. ಮರ್ಯಾದಸ್ಥರು ಈಗ ಮರೆತಿದ್ದಾರೆ. ನಮ್ಮ ‘ಠುಸ್’ ನೋಡಿ. ನೆನೆದ ಪಟಾಕಿ ಠುಸ್, ಮುಷ್ಕರ ಠುಸ್. ಶಬ್ದ ಹುಟ್ಟಿದ ಜಾಗವೂ ಬಹುಶಃ ಅದೇ ಇರಬೇಕು. ಮುಷ್ಕರದ ಮುಂದಾಳು ನಿಮ್ಮ ಪಕ್ಕದ ಟೇಬಲ್ಲಿನವರಾದರೆ ಈ ವಿವರ ಅವರಿಗೆ ಓದಿ ಹೇಳಬೇಡಿ.

ಪ್ರಶ್ನೆ: ಅಪ್ಪನಿಗೆ ಲಕ್ವಾ ಹೊಡೆದು ಮಾತು ಬಿದ್ದಿದೆ. ತಂಗಿಯ ಗಂಡನ ಮನೆ ಹೊರದೇಶದಲ್ಲಿದೆ, ಅಳಿಯ ಕನ್ನಡದವರಲ್ಲ. ಅವರಿಗೆ ‘ಹಿಸ್ ವಾಯ್ಸ್ ಡ್ರೈಡ್ ಅಪ್’ ಅಂತ ಬರೆದೆ. ಅವರಿಗೆ ಅರ್ಥವಾಗಲಿಲ್ಲ ಅನಿಸುತ್ತದೆ. ಅಪ್ಪ ಚಹಾ ಬೇಕಾದರೆ ಎಡಗೈಯಿಂದ ಬಸಿ ಎತ್ತಿದ ಹಾಗೆ ಮಾಡುತ್ತಾರೆ, ಉಳಿದದ್ದೆಲ್ಲ ನಮಗೆ ಗೊತ್ತಾಗುವುದಿಲ್ಲ.
— ಮುಧೋಳ

ನಿಮ್ಮ ಪತ್ರವನ್ನು ಕೊನೆಗೆ ಇಟ್ಟುಕೊಂಡಿದ್ದು ಬೇಕಂತಲೇ. ಮೇಲೆ ಬರೆದ ಯಾವ ಶಬ್ದವೂ ನಿಮಗೆ ಬೇಡ. ಡ್ರೈ ಅಪ್ ಅಂದರೆ ಹೇಳುವುದೇನು ಅಂತ ಮರೆತು ನಿಂತ ಹಾಗೆ. ಕ್ಲ್ಯಾಮ್ ಅಪ್ ಅಂದರೆ ಬೇಕಂತಲೇ ಸುಮ್ಮನಿದ್ದ ಹಾಗೆ. ನಿಮ್ಮ ತಂದೆಯವರದು ಎರಡೂ ಅಲ್ಲ. ‘ಮಾತು ಬಿದ್ದಿದೆ’ ಅನ್ನುವುದರಲ್ಲಿ ನಮಗೆ ಎಲ್ಲವೂ ತಿಳಿಯುತ್ತದೆ, ಬಿದ್ದದ್ದು ಎದ್ದೀತು ಅನ್ನುವುದೂ ಅದರಲ್ಲಿದೆ. ಇಂಗ್ಲಿಷಿನಲ್ಲಿ ಸರಳವಾಗಿ ಬರೆಯಿರಿ: ‘ಫಾದರ್ ಹ್ಯಾಡ್ ಎ ಸ್ಟ್ರೋಕ್. ಹಿ ಕೆನಾಟ್ ಸ್ಪೀಕ್ ನೌ.’ ಆ ‘ನೌ’ ಬಿಡಬೇಡಿ, ‘ಸದ್ಯಕ್ಕೆ’ ಅನ್ನುವುದು ಅದರಲ್ಲಿದೆ. ಮಾತು ಮತ್ತೆ ಕಲಿಸುವ ಸ್ಪೀಚ್ ಥೆರಪಿ ಅಂತ ಇದೆ. ಡಾಕ್ಟರನ್ನು ಕೇಳಿ, ತಡ ಮಾಡಬೇಡಿ.

ನೀವು ನನಗೆ ಬರೆದ ಬಸಿಯ ಮಾತನ್ನು ಅಳಿಯನಿಗೆ ಬರೆದಿರಲಿಲ್ಲ ಅಂತ ಕಾಣುತ್ತದೆ. ಅದನ್ನು ಸೇರಿಸಿ. ‘ವೆನ್ ಹಿ ವಾಂಟ್ಸ್ ಟೀ, ಹಿ ಲಿಫ್ಟ್ಸ್ ಹಿಸ್ ಲೆಫ್ಟ್ ಹ್ಯಾಂಡ್ ಲೈಕ್ ದಿಸ್.’ ಜೊತೆಗೆ ಒಂದು ಫೋಟೋ ಕಳಿಸಿ.